ಹಳದಿಯಲ್ಲೇ ನಿಂತ ಹಾಳೆ

“ಅಲ್ಲೇ ನಿಂದರ್ರಿ… ಒಳಗ ಕಾಲಿಡಬ್ಯಾಡ್ರಿ.”

ಹೊಸ್ತಿಲ ಮೇಲೆ ಒಂದು ಕಾಲು ಎತ್ತಿದ್ದ ಕಪಿಲ ಹಾಗೆಯೇ ನಿಂತುಬಿಟ್ಟ.

ಕೋಣೆಯ ನೆಲದ ಮೇಲೆ ಸುಮೇಧಾ ಕೂತಿದ್ದಳು. ಎರಡೂ ಕೈ ಮಣಿಕಟ್ಟಿನ ತನಕ ಹಳದಿ. ಹಣೆಯ ಮೇಲೂ ಹಳದಿಯ ಒಂದು ಗೆರೆ. ಮುಂದೆ ಗಾಜಿನ ತುಂಡಿನ ಮೇಲೆ ಹರಡಿದ ಬಣ್ಣ, ಪಕ್ಕದಲ್ಲಿ ರೋಲರು, ಮರದ ಹಲಗೆ. ಹಲಗೆಯ ಮೇಲೆ ಅವಳೇ ಅಚ್ಚು ಕೆತ್ತಿದ ಲಿನೋ, ರಬ್ಬರಿನಂಥ ಹಾಸಿನ ತುಂಡು.

ತಲೆ ಎತ್ತಿ ನೋಡಿದಳು. ಹುಮನಾಬಾದಿನಿಂದ ತನ್ನನ್ನು ನೋಡಲು ಬಂದ ಹುಡುಗ ಇವನೇ ಎಂದು ತಿಳಿಯಲು ಒಂದು ಕ್ಷಣ ಹಿಡಿಯಿತು. ತಿಳಿದ ಮೇಲೂ ಏಳಲಿಲ್ಲ.

‘ಈಗ ಎದ್ದರ ಗಾಜಿನ ಮ್ಯಾಲಿನ ಬಣ್ಣ ಬಿಗೀತದ… ಇನ್ನಾ ನಾಕು ಹಾಳಿ ಅದಾವು.’

ಹೊರಗಿನ ಪಡಸಾಲೆಯಲ್ಲಿ ಅವಳ ಅಪ್ಪ ವೈಜಿನಾಥ ಬೆವರುತ್ತಿದ್ದ. ಕಲ್ಯಾಣದಲ್ಲಿ ಅರ್ಧ ಮನೆಗಳ ಗೋಡೆ ಎಬ್ಬಿಸಿದ ಗೌಂಡಿ ಅವನು. ಮಗಳನ್ನು ಎಬ್ಬಿಸಲು ಮಾತ್ರ ಆಗಿರಲಿಲ್ಲ. “ಈಗ ಬರ್ತಾಳ್ರಿ, ಈಗ ಬರ್ತಾಳ್ರಿ” ಎನ್ನುತ್ತಲೇ ಅರ್ಧ ತಾಸು ಕಳೆದಿತ್ತು. ಕೊನೆಗೆ ಹುಡುಗನ ತಾಯಿ ಯಶೋದಾಬಾಯಿಯೇ ಚಹಾದ ಕಪ್ಪು ಕೆಳಗಿಟ್ಟು ನಕ್ಕಿದ್ದಳು.

“ಹುಡುಗಿ ಬರಂಗ ಕಾಣೂದಿಲ್ಲ, ಅಣ್ಣಾ. ನಮ್ಮ ಹುಡುಗನ್ನೇ ಒಳಗ ಕಳಸ್ತೀನಿ. ಆಕಿನೇ ನೋಡ್ಲಿ ಇವನ್ನ.”

ಹಾಗೆ ಬಂದವನು ಈಗ ಹೊಸ್ತಿಲಲ್ಲಿ ನಿಂತಿದ್ದ. ಮಾತು ಹುಡುಕುತ್ತ ಕೇಳಿದ, “ಏನಾರ ಹಿಡೀಲೇನ್ರಿ?”

“ಕೈ ಸ್ವಚ್ಛ ಅದಾವೇನ್ರಿ?”

ಅವನು ಎರಡೂ ಕೈ ಮುಂದೆ ಚಾಚಿದ. ಉಗುರಿನ ಸಂದಿಯಲ್ಲಿ ಕಪ್ಪು ಇತ್ತು.

“ಇದು ಹೋಗೂ ಕರಿ ಅಲ್ರಿ. ನಂದು ಲಗ್ನಪತ್ರಿಕೆ ಹೊಡಿಯೂ ಪ್ರೆಸ್ಸು. ಆದ್ರ ಒಣಗ್ಯಾದ, ನಿಮ್ಮ ಹಾಳಿಗೆ ಹತ್ತಂಗಿಲ್ಲ.”

ಸುಮೇಧಾಳಿಗೆ ನಗು ಬಂತು, ತೋರಿಸಲಿಲ್ಲ. “ಹಂಗಾದ್ರ ಚಪ್ಪಲಿ ಬಿಟ್ಟು ಬರ್ರಿ. ಆ ಕಡೀ ಎರಡು ಮೂಲಿ ಹಿಡೀರಿ.”

ಹಲಗೆಗೆ ಅಪ್ಪನ ಹಳೆಯ ಗುನಿಯಾ ಬಡಿದಿದ್ದಳು. ಗೋಡೆಯ ಮೂಲೆ ನೇರ ಇದೆಯೋ ಇಲ್ಲವೋ ನೋಡುವ ಕಬ್ಬಿಣದ ಪಟ್ಟಿ ಅದು. ಪ್ರತಿ ಬಣ್ಣಕ್ಕೂ ಹಾಳೆಯನ್ನು ಅದೇ ಮೂಲೆಗೆ ಕೂಡಿಸಬೇಕು. ಕೂದಲೆಳೆ ಸರಿದರೂ ಒಂದರ ಮೇಲೊಂದು ಬಣ್ಣ ಕೂರುವುದಿಲ್ಲ.

ಅವನು ಎರಡು ಮೂಲೆ ಹಿಡಿದ, ಇವಳು ಎರಡು. ಹಾಳೆ ಉಸಿರಿನಷ್ಟು ಮೆಲ್ಲಗೆ ಇಳಿಯಿತು. ಅವಳು ಅವ್ವನ ಕಟ್ಟಿಗೆ ಸೌಟಿನ ಬೆನ್ನಿಂದ ಅದರ ಮೇಲೆ ಒತ್ತಿ ಒತ್ತಿ ತಿಕ್ಕಿದಳು.

“ಎಷ್ಟು ಬಣ್ಣರಿ?”

“ಐದು.”

“ಅಂದ್ರ ಐದು ಪ್ಲೇಟು ಕೆತ್ತಬೇಕು.”

“ಇಲ್ರಿ. ಇದೊಂದೇ.” ಅವಳು ಹಾಳೆ ಎತ್ತಿದಳು. ಹಳದಿಯ ನಡುವೆ ಬಿಳಿ ಚುಕ್ಕೆಗಳು, ಒಂದು ಬಿಳಿ ಎಳೆ. “ಈಗ ಹಳದಿ ಹೊಡದೆ. ಎಲ್ಲೆಲ್ಲಿ ಹಳದಿ ಉಳೀಬೇಕೋ ಅಷ್ಟು ಜಾಗಾ ಇನ್ನ ಇದರಾಗ ಕೆತ್ತಿ ತೆಗೀತೀನಿ. ಅದರ ಮ್ಯಾಲ ಕೇಸರಿ. ಮತ್ತ ಕೆತ್ತೂದು, ಹಸಿರು. ಮತ್ತ ಕೆತ್ತೂದು… ಕಡೀಕ ಲಿನೋದಾಗ ಹೆಚ್ಚಿಗೇನೂ ಉಳಿಯಂಗಿಲ್ಲ.”

“ಹಿಂದಕ್ಕ ಹೋಗಬೇಕಂದ್ರ?”

“ಹೋಗಾಕ ಬರಂಗಿಲ್ರಿ.”

ಹೇಳುವಾಗ ಅವಳ ದನಿಯಲ್ಲಿ ಭಯ ಇರಲಿಲ್ಲ. ಕಪಿಲ ಆ ದನಿಯನ್ನು ಕೇಳಿದ. ಹಗ್ಗಕ್ಕೆ ತೂಗುಹಾಕಿದ್ದ ಮೊದಲ ಹಾಳೆಯನ್ನು ನೋಡಿ, “ಇದು ಜರಾ ತೆಳು ಬಂದದಲ್ರಿ?” ಎಂದ.

“ಮೊದಲಿನ ಹಾಳಿ ಹಂಗ ಬರ್ತದ,” ಎಂದಳು ಅವಳು, ಮುಂದಿನ ಹಾಳೆಗೆ ಕೈ ಹಾಕುತ್ತ.

ಅಷ್ಟೇ ಮಾತು. ಆದರೆ ಆ ಒಂದು ಮಾತನ್ನು ಅವನು ತನ್ನ ಪ್ರೆಸ್ಸಿನ ಕಿವಿಯಿಂದ ಕೇಳಿಸಿಕೊಂಡ.

*

ಸುಮೇಧಾ ಹಿತ್ತಲಲ್ಲಿ ಎಣ್ಣೆ ಹಚ್ಚಿ ಕೈ ತೊಳೆದು ಬರುವಷ್ಟರಲ್ಲಿ ಬೀಗರು ಎದ್ದು ಹೋಗಿದ್ದರು. ಹಗ್ಗದ ಮೇಲಿನ ಹಾಳೆ ಎಣಿಸಿದಳು. ಐದು.

ಮತ್ತೆ ಎಣಿಸಿದಳು. ಐದೇ.

ಆರು ಇರಬೇಕಿತ್ತು. ಕಲಬುರಗಿಯ ಕಲಾಪ್ರದರ್ಶನಕ್ಕೆ ಐದು ಪ್ರತಿ ಕಳಿಸಬೇಕು. ಐದೂ ಒಂದೇ ತೆರನಾಗಿ ಇರಬೇಕು. ಡಿಸೆಂಬರ್ ಇಪ್ಪತ್ತೆಂಟು ಕೊನೆಯ ದಿನ. ಎರಡು ವರ್ಷ ಕಳಿಸಿ ಎರಡು ಸಲವೂ ಆಯ್ಕೆ ಆಗಿರಲಿಲ್ಲ. ಬರುವ ವರ್ಷ ಅವಳು ಪ್ರದರ್ಶನದ ವಯೋಮಿತಿ ದಾಟುತ್ತಾಳೆ. ಅದಕ್ಕೇ ಆರು ಹೊಡೆದಿದ್ದಳು, ಒಂದು ಕೆಟ್ಟರೂ ಐದು ಉಳಿಯಲಿ ಎಂದು.

ಹುಲಸೂರಿನಿಂದ ಬಂದಿದ್ದ ಹಿಂದಿನ ವರನ ಕಡೆಯವರು ಅವಳ ಚಿತ್ರ ನೋಡಿ, “ಲಗ್ನ ಆದ ಮ್ಯಾಲ ಅಂಗಳದಾಗ ರಂಗೋಲಿ ಹಾಕ್ತಾಳ ಬಿಡ್ರಿ” ಎಂದಿದ್ದರು. ಅಂದೇ ಅವಳು ಮನಸ್ಸಿನಲ್ಲಿ ಒಂದು ಮಾತು ಕಟ್ಟಿಕೊಂಡಿದ್ದಳು. ಈ ಐದು ಹಾಳೆ ಮುಗಿದು ಪ್ರದರ್ಶನಕ್ಕೆ ಸಿದ್ಧವಾಗದೆ ತಾನು ಯಾರ ಮನೆಯ ಹೊಸ್ತಿಲನ್ನೂ ದಾಟುವುದಿಲ್ಲ.

ಅಡುಗೆಮನೆಯಲ್ಲಿ ಅವ್ವ ಮುಕ್ತಾಬಾಯಿ ಒಲೆಗೆ ಕಾಗದ ತುರುಕುತ್ತಿದ್ದಳು. ಹಳೆಯ ಪೇಪರು.

“ಯವ್ವಾ… ಹಗ್ಗದ ಮ್ಯಾಲಿಂದು ಒಂದು ಹಾಳಿ ಒಲಿಗೆ ಹಾಕಿದೇನ?”

ಮುಕ್ತಾಬಾಯಿಯ ಕೈ ನಿಂತಿತು. ಮಗಳ ಮುಖ ನೋಡಿದಳು. ಏನೋ ಹೇಳಹೊರಟವಳು ಕೈಯಲ್ಲಿದ್ದ ಕಾಗದವನ್ನು ಒಲೆಗೆ ತುರುಕಿದಳು.

“ಹಾಕಿರಬಹುದು, ಬಾಯಿ. ನಂಗೇನ್ ತಿಳೀತದ.”

“ತಿಳಿಯಂಗಿಲ್ಲಂದ್ರ ನನ್ನ ಕೋಲ್ಯಾಗ ಯಾಕ ಬರ್ತಿ? ನನ್ನ ಸಾಮಾನ ಮುಟ್ಟಬ್ಯಾಡಂತ ಎಷ್ಟು ಸಲ ಹೇಳ್ಯೇನಿ?”

ಅವ್ವ ಸಂಜೆ ಬುದ್ಧನ ಪಟದ ಮುಂದೆ ದೀಪ ಹಚ್ಚಿ ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಕಣ್ಣು ಮುಚ್ಚಿ ಕೂತಳು. ಅಂದಿನಿಂದ ಆ ಕೋಣೆಯ ಹೊಸ್ತಿಲನ್ನು ಮುಕ್ತಾಬಾಯಿ ತುಳಿಯಲಿಲ್ಲ. ಚಹಾವನ್ನೂ ಹೊರಗಿನಿಂದಲೇ ಸರಿಸಿಡುತ್ತಿದ್ದಳು.

*

ಮೂರನೇ ದಿನ ಹುಮನಾಬಾದಿನಿಂದ ಫೋನು ಬಂತು. ಹುಡುಗನಿಗೆ ಒಪ್ಪಿಗೆ.

“ಐದನೇ ಬಣ್ಣ ಒಣಗಿದ ಮ್ಯಾಲ ನಾ ಹೇಳ್ತೀನಿ,” ಎಂದಳು ಸುಮೇಧಾ.

ವೈಜಿನಾಥನಿಗೆ ಸಿಟ್ಟು ಬಂತು. “ಇದೆಂಥಾ ಮಾತು? ಬಣ್ಣ ಒಣಗೂ ತನಕ ಮಂದಿ ಕುಂದರ್ತಾರೇನ?”

ಕುಂದ್ರುವವರು ಇದ್ದರು. ನಾಲ್ಕು ದಿನಕ್ಕೊಮ್ಮೆ ಕಪಿಲ ಫೋನು ಮಾಡುತ್ತಿದ್ದ. ಮದುವೆಯ ಮಾತು ಎತ್ತುತ್ತಿರಲಿಲ್ಲ.

“ಕೇಸರಿ ಒಣಗ್ತೇನ್ರಿ?”

“ಒಣಗ್ತು. ನಾಳಿ ಕೆತ್ತೂದು.”

“ಬಿಸಲಾಗ ಇಟ್ಟು ಕೆತ್ರಿ. ಥಂಡ್ಯಾಗ ಲಿನೋ ಬಿರುಸಾಗ್ತದಂತ ಕೇಳೀನಿ.”

“ಯಾರು ಹೇಳಿದ್ರು?”

“ಓದಿದೆ. ಏನಿಲ್ಲ… ಸುಮ್ನ ಓದಿದೆ.”

ಫೋನಿಟ್ಟ ಮೇಲೆ ಅವಳು ಲಿನೋವನ್ನು ಅಂಗಳದ ಬಿಸಿಲಿಗೆ ಇಟ್ಟಳು. ಅದು ಮೆತ್ತಗಾಗುವ ತನಕ ಪಕ್ಕದಲ್ಲೇ ಕೂತಳು. ‘ನನ್ನ ಕೆಲಸದ ಬಗ್ಗೆ ಓದ್ಯಾನ…’ ಎಂಬುದು ಮನಸ್ಸಿನಲ್ಲಿ ಸುತ್ತಿ ಸುತ್ತಿ ಬಂತು.

ಹಸಿರೂ ಚೆನ್ನಾಗಿ ಕೂತಿತು. ನಾಲ್ಕನೆಯದು ಮಣ್ಣಿನ ಕೆಂಪು. ಅಂದು ಅವಳ ಕೈ ದಣಿದಿತ್ತು. ಮೊದಲೆಲ್ಲ ಕೈ ದಣಿದರೆ ಅವ್ವ ಬಂದು ಆ ಕಡೆಯ ಎರಡು ಮೂಲೆ ಹಿಡಿಯುತ್ತಿದ್ದಳು. ಈಗ ಕರೆಯಲು ಬಾಯಿ ಬರಲಿಲ್ಲ. ಅವ್ವ ಹೊರಗೆ ಮೊರದಲ್ಲಿ ಜೋಳ ಹಸನು ಮಾಡುವ ಸದ್ದು ಕೇಳುತ್ತಿತ್ತು.

ಮೂರನೇ ಹಾಳೆ ಒಬ್ಬಳ ಕೈಯಲ್ಲಿ ಜಾರಿತು. ಗುನಿಯಾದಿಂದ ಅರ್ಧ ಬೆರಳು ಸರಿದು ಬಿತ್ತು.

ಎತ್ತಿ ನೋಡಿದಳು. ಚಿತ್ರಕ್ಕೆ ಎರಡು ನೆರಳು ಬಂದಿತ್ತು.

ನಾಲ್ಕು ಉಳಿದವು.

ಅವಳು ಅಳಲಿಲ್ಲ. ರೋಲರು ಹಿಡಿದು ಉಳಿದ ಎರಡನ್ನೂ ಹೊಡೆದಳು. ಐದು ದಿನ ಬಿಟ್ಟು ಕೊನೆಯ ಕಪ್ಪನ್ನೂ ಹೊಡೆದಳು. ಪ್ರದರ್ಶನಕ್ಕೆ ಹೋಗದ ನಾಲ್ಕು ಹಾಳೆಗಳನ್ನು ಹೋಗುವ ಹಾಳೆಗಳಷ್ಟೇ ಶ್ರದ್ಧೆಯಿಂದ ಮುಗಿಸಿದಳು. ನೋಡುವವರು ಇಲ್ಲದಿದ್ದರೂ ಅವ್ವ ದೀಪ ಹಚ್ಚುವುದನ್ನು ಬಿಡುವುದಿಲ್ಲವಲ್ಲ, ಹಾಗೆ.

ಕಪ್ಪು ಒಣಗಿದ ದಿನ ಅವಳು ಮನಸ್ಸು ಗಟ್ಟಿ ಮಾಡಿದಳು. ‘ಐದನೇ ಬಣ್ಣ ಒಣಗಿದ ಮ್ಯಾಲ ಹೇಳ್ತೀನಿ ಅಂದಿದ್ದೆ. ಹಾಳಿ ಹೋದ್ರೂ ಕೊಟ್ಟ ಮಾತು ಹೋಗಬಾರದು. ನಾನೇ ಹೋಗಿ ಹೇಳ್ತೀನಿ.’

ಹೊಸ್ತಿಲ ಹಟವನ್ನು ಅವಳು ಸಡಿಲಿಸಿದ್ದು ಅದೊಂದೇ ಸಲ, ಅದೂ ಒಬ್ಬನಿಗಾಗಿ. ಒಂದು ಹಾಳೆಯನ್ನು ಸುತ್ತಿಕೊಂಡು ಬೆಳಗಿನ ಬಸ್ಸಿಗೆ ಹುಮನಾಬಾದಿಗೆ ಹೊರಟಳು.

*

ಪ್ರೆಸ್ಸಿನಲ್ಲಿ ಕಪಿಲ ಇರಲಿಲ್ಲ. ಮಷೀನು ನಡೆಸುವ ಜಲಾಲುದ್ದೀನ್ ಚಾಚಾ ಕನ್ನಡಕ ಹಣೆಗೇರಿಸಿ ನೋಡಿದ.

“ಕೂಡು ಬೇಟಾ. ಪೇಪರ್ ತರಾಕ ಹೋಗ್ಯಾನ, ಬರ್ತಾನ. ಕಾರ್ಡ್ ಮಾಡಿಸೂದಿತ್ತೇನು?”

ಸುಮೇಧಾ ಉತ್ತರಿಸಲಿಲ್ಲ. ಕಪಿಲ ಕೂರುವ ಕುರ್ಚಿಯ ಎದುರಿನ ಗೋಡೆಯನ್ನು ನೋಡುತ್ತಿದ್ದಳು. ಅಲ್ಲಿ, ಗಾಜು ಹಾಕಿದ ಕಟ್ಟಿನಲ್ಲಿ, ಹಳದಿ ಹಾಳೆಯೊಂದಿತ್ತು. ಬಿಳಿ ಚುಕ್ಕೆಗಳು. ಒಂದು ಬಿಳಿ ಎಳೆ.

“ಅದಾ?” ಚಾಚಾ ನಕ್ಕ. “ನಮ್ಮ ಮಾಲಕಂದು ಹುಚ್ಚು. ಕಲ್ಯಾಣದಿಂದ ಹಸೀ ಹಾಳಿ ಕೈಯಾಗ ಹಿಡಕೊಂಡು ಬಸ್ಸಿನಾಗ ನಿಂತೇ ಬಂದಾನ. ಸೀಟ್ ಖಾಲಿ ಇದ್ರೂ ಕುಂತಿಲ್ಲ. ದಿನಾ ಮುಂಜಾನಿ ಅದನ್ನೇ ನೋಡ್ತಾನ. ಊದಬತ್ತಿ ಹಚ್ಚೂದೊಂದು ಬಾಕಿ.”

ಅಷ್ಟರಲ್ಲಿ ಕಪಿಲ ಬಂದ. ಅವಳನ್ನು ಕಂಡು ಅವನ ಮುಖ ಅರಳಿತು. ಅವಳ ಕಣ್ಣು ಕಂಡು ಬಾಡಿತು.

“ಇದನ್ನ ನೀವು ತಗೊಂಡ್ರಿ?”

“ಹೌದ್ರಿ… ಮೊದಲಿನ ಹಾಳಿ ಅಲ್ರಿ? ನಮ್ಮಲ್ಲಿ ಮೊದಲಿನ ಹತ್ತಿಪ್ಪತ್ತು ಹಾಳಿ ವೇಸ್ಟ್ ಅಂತ ತೆಗೀತೀವಿ. ಇದೂ ಹಂಗ ಅಂತ… ಬಿಸಾಕ್ತೀರಂತ ತಿಳದೆ. ಕೇಳಾಕ ನಾಚಿಕಿ ಆತು.”

“ನಮ್ಮಲ್ಲಿ ವೇಸ್ಟ್ ಇಲ್ರಿ. ಎಷ್ಟು ಹಾಳಿ ಹಳದಿ ಹೊಡೀತೀವೋ ಅಷ್ಟೇ ಲೆಕ್ಕ. ಆಮ್ಯಾಲ ಬೇಕಂದ್ರೂ ಒಂದು ಕೂಡ್ಸಾಕ ಬರಂಗಿಲ್ಲ.” ಅವಳ ದನಿ ನಡುಗಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು. “ಐದು ಬೇಕಿತ್ತು. ನಾಕು ಉಳದಾವು. ಇದು ನನ್ನ ಐದನೇದು.”

ಕಪಿಲ ಗೋಡೆಯ ಕಡೆ ತಿರುಗಿದ. “ಈಗ ಇದರ ಮ್ಯಾಲ ಹೊಡದ್ರ…”

“ಎಲ್ಲಿಂದ ಹೊಡೀಲಿ? ಲಿನೋ ಕೆತ್ತಿ ಆಗ್ಯಾದ. ಹಿಂದಕ್ಕ ಹೋಗಾಕ ಬರಂಗಿಲ್ಲಂತ ಅವತ್ತೇ ಹೇಳಿದ್ದೆ.” ಆಮೇಲೆ ತಡೆಯಲಾಗದೆ ಅಂದಳು, “ಇಪ್ಪತ್ತೈದು ದಿನ ಆತು, ನಮ್ಮವ್ವನ ಮ್ಯಾಲ ಹಾಕಿ ಬೈದೀನಿ ನಾ. ಒಲಿಗೆ ಹಾಕಿದಿ ಅಂತ.”

ಹೇಳಲು ಬಂದಿದ್ದ ಒಪ್ಪಿಗೆಯನ್ನು ಹೇಳದೆ, ಸುತ್ತಿ ತಂದ ಹಾಳೆಯನ್ನು ಬಿಚ್ಚದೆಯೇ ಅವಳು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

*

ಮುಕ್ತಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಸುಮೇಧಾ ಬಂದು ಪಕ್ಕದಲ್ಲಿ ಕುಕ್ಕರಿಸಿದಳು.

“ಯವ್ವಾ, ನೀ ಹಾಳಿ ಸುಟ್ಟಿಲ್ಲ.”

“ಹೂಂ.”

“ಗೊತ್ತಿತ್ತಾ ನಿಂಗ?”

ಮುಕ್ತಾಬಾಯಿ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ನಿಧಾನಕ್ಕೆ ಹೇಳಿದಳು. “ನೀ ಹಿತ್ತಲದಾಗ ಕೈ ತೊಳಿಯೂ ಮುಂದ ಆ ಹುಡುಗ ಒಯ್ಯೂದು ನೋಡೀನಿ. ಬಣ್ಣ ಹೊರಗ ಬರಂಗ ಸುತ್ತಿ, ಕೂಸಿನ ಹಿಡದಂಗ ಎರಡೂ ಕೈಯಾಗ ಹಿಡಕೊಂಡ. ಕದ್ದವರು ಹಂಗ ಹಿಡಿಯಂಗಿಲ್ಲ, ಬಾಯಿ. ನಾನೂ ಅದು ಕೆಟ್ಟದ್ದು ಅಂತ ತಿಳದೆ.”

“ಮತ್ತ ನಾ ಕೇಳಿದಾಗ ಯಾಕ ಹೇಳ್ಲಿಲ್ಲ?”

“ನಿನ್ನ ಮಾರಿ ನೋಡಿದೆ. ಅವನ ಹೆಸರ ಹೇಳಿದ್ರ ಅವತ್ತೇ ಆ ಸಂಬಂಧ ಮುರೀತಿದ್ದಿ. ನನ್ನ ಮ್ಯಾಲ ಸಿಟ್ಟಾದ್ರ ಏನಾತು? ನಾ ಎಲ್ಲಿ ಹೋಗ್ತೀನಿ. ಅವ್ವ ಅಲ್ಲೇನು.”

ಸುಮೇಧಾ ಹಿಟ್ಟು ಮೆತ್ತಿದ ಆ ಕೈಗಳನ್ನು ಹಿಡಿದು ಹಣೆಗೆ ಒತ್ತಿಕೊಂಡಳು. ಇಪ್ಪತ್ತೈದು ದಿನ ಬಾರದ ಕಣ್ಣೀರು ಆಗ ಬಂತು.

“ರೊಟ್ಟಿ ಹೊತ್ತತದ, ಬಿಡು,” ಎಂದಳು ಮುಕ್ತಾಬಾಯಿ. ಕೈಯನ್ನು ಮಾತ್ರ ಹಿಂದಕ್ಕೆ ತೆಗೆಯಲಿಲ್ಲ.

*

ಮರುದಿನ ಮಧ್ಯಾಹ್ನ ಬಾಗಿಲಲ್ಲಿ ಕಪಿಲ ನಿಂತಿದ್ದ. ಹಿಂದೆ ಯಶೋದಾಬಾಯಿ. ಅವನ ಕಂಕುಳಲ್ಲಿ ಒಂದು ಸುರುಳಿ, ಕೈಯಲ್ಲಿ ಚಿಕ್ಕ ಡಬ್ಬಿ. ಅವನು ಸುಮೇಧಾಳ ಕಡೆ ನೋಡಲಿಲ್ಲ. ನೇರ ಹೋಗಿ ಮುಕ್ತಾಬಾಯಿಯ ಮುಂದೆ ನೆಲದ ಮೇಲೆ ಕೂತ.

“ಅವ್ವಾ, ಗಲತಿ ನಂದು. ಬೈಗುಳ ನೀವು ತಿಂದ್ರಿ. ಮಾಫ್ ಮಾಡ್ರಿ.”

“ನಾ ಏನ್ ತಿಂದಿಲ್ಲಪ್ಪಾ, ಇನ್ನಾ ಉಣಬೇಕು,” ಎಂದಳು ಮುಕ್ತಾಬಾಯಿ. “ನೀವೂ ಕೈ ತೊಳಕೋರ್ರಿ.”

ಊಟದ ಮೊದಲು ಅವನು ಸುರುಳಿ ಬಿಚ್ಚಿದ. ಹೊಸ ಲಿನೋ, ಹೊಸ ಹಾಳೆ. ಬೆಳಗಿನ ಮೊದಲ ಬಸ್ಸಿಗೆ ಕಲಬುರಗಿಗೆ ಹೋಗಿ ತಂದಿದ್ದ. ಸುಮೇಧಾ ಆಗ ಬಾಯಿ ತೆರೆದಳು.

“ಒಂಬತ್ತು ದಿನ ಉಳದಾವು. ಒಂದೊಂದು ಬಣ್ಣ ಒಣಗಾಕ ನಾಕು ದಿನ ಬೇಕು. ಲೆಕ್ಕ ಬರ್ತದೇನ್ರಿ?”

ಅವನು ಡಬ್ಬಿಯನ್ನು ಮುಂದೆ ಸರಿಸಿದ. “ಡ್ರೈಯರು. ಅರ್ಜೆಂಟ್ ಕಾರ್ಡ್ ಬಂದಾಗ ನಾವು ಬಣ್ಣಕ್ಕ ಕೂಡಸ್ತೀವಿ. ಕಡ್ಲಿಕಾಳಿನಷ್ಟು ಹಾಕಿದ್ರ ಒಂದು ದಿನಕ್ಕ ಒಣಗ್ತದ. ನಿಮ್ಮಂಥಾದೇ ಬಣ್ಣದಾಗ ನಿನ್ನಿ ರಾತ್ರಿ ಕೂಡಿಸಿ ನೋಡೀನಿ, ಮುಂಜಾನಿಗೆ ಒಣಗಿತ್ತು.” ಸ್ವಲ್ಪ ತಡೆದು ಅಂದ, “ನಾ ಉತ್ತರ ಕೇಳಾಕ ಬಂದಿಲ್ರಿ. ಆ ಕಡೀ ಎರಡು ಮೂಲಿ ಹಿಡಿಯಾಕ ಬಂದೀನಿ. ಹಾಳಿ ಮುಗದ ಮ್ಯಾಲ ಬ್ಯಾಡಂದ್ರ ಹೋಗ್ತೀನಿ.”

ವೈಜಿನಾಥ ಗಂಟಲು ಸರಿಮಾಡಿಕೊಂಡ. “ಇನ್ನಾ ಮಾತು ಗಟ್ಟಿ ಆಗಿಲ್ಲ. ಹುಡುಗ ದಿನಾ ಮನಿಗೆ ಬಂದ್ರ ಓಣಿ ಮಂದಿ ಏನಂತಾರ?”

“ಅದಕ್ಕ ನಾನೂ ಬರ್ತೀನಿ ಬಿಡ್ರಿ ಅಣ್ಣಾ,” ಎಂದಳು ಯಶೋದಾಬಾಯಿ. “ಮುಕ್ತಾಬಾಯಿ ಕೂಡ ಜೋಳ ಹಸನ ಮಾಡ್ತೀನಿ. ಯಾರಾರ ಕೇಳಿದ್ರ ಕೂಲಿಗೆ ಬಂದೀನಿ ಅನ್ರಿ.”

ಸುಮೇಧಾ ಹೊಸ ಲಿನೋವನ್ನು ಎತ್ತಿಕೊಂಡಳು. ನುಣುಪಾಗಿ, ಒಂದು ಗೆರೆಯೂ ಇಲ್ಲದೆ ಇತ್ತು. ಮೊದಲ ಸಲ ಕೆತ್ತಲು ಹನ್ನೊಂದು ದಿನ ಹಿಡಿದಿತ್ತು. ಈಗ ಪ್ರತಿ ಗೆರೆಯೂ ಕೈಗೆ ಗೊತ್ತು.

“ನಾಳಿ ಮುಂಜಾನಿ ಎಂಟಕ್ಕ ಬರ್ರಿ,” ಎಂದಳು. “ಚಪ್ಪಲಿ ಹೊರಗ.”

*

ಎಂಟು ದಿನ ಆ ಮನೆಯಲ್ಲಿ ಮಾತು ಕಡಿಮೆ, ಕೆಲಸ ಹೆಚ್ಚು. ಅವಳು ಕೆತ್ತುತ್ತಿದ್ದಳು. ಬಣ್ಣ ಹೊಡೆಯುವ ಬೆಳಿಗ್ಗೆ ಅವನು ಬರುತ್ತಿದ್ದ, ಮೂಲೆ ಹಿಡಿಯುತ್ತಿದ್ದ, ಮಧ್ಯಾಹ್ನದ ಬಸ್ಸಿಗೆ ಪ್ರೆಸ್ಸಿಗೆ ಮರಳುತ್ತಿದ್ದ. ಇಬ್ಬರ ಉಸಿರೂ ಒಂದೇ ಸಲ ನಿಲ್ಲುತ್ತಿತ್ತು, ಹಾಳೆ ಗುನಿಯಾದ ಮೂಲೆಗೆ ಕೂತಾಗ ಒಂದೇ ಸಲ ಹೊರಬರುತ್ತಿತ್ತು. ಧ್ಯಾನಕ್ಕೆ ಕೂತವರಿಗೂ ಕೆಲವೊಮ್ಮೆ ಅಷ್ಟು ನಿಶ್ಚಲತೆ ಸಿಗುವುದಿಲ್ಲ.

ಮೂರನೇ ಬಣ್ಣಕ್ಕೆ ಅವಳ ತೋಳು ಸೋತಿತು. ಬಾಗಿಲ ಕಡೆ ನೋಡಿದಳು.

“ಯವ್ವಾ… ಒಳಗ ಬಾ. ಸೌಟು ನೀ ತಿಕ್ಕು. ನಿಂದೇ ಸೌಟದು.”

ಮುಕ್ತಾಬಾಯಿ ಸೆರಗಿಗೆ ಕೈ ಒರೆಸಿಕೊಂಡು, ಹೊಸ್ತಿಲು ದಾಟಿ ಬಂದಳು.

ಇಪ್ಪತ್ತೇಳನೇ ತಾರೀಖು ಕೊನೆಯ ಕಪ್ಪು ಒಣಗಿತು. ಹಗ್ಗದ ಮೇಲೆ ಆರು ಹಾಳೆ. ಒಂದೂ ಜಾರಿರಲಿಲ್ಲ.

ಚಿತ್ರದಲ್ಲಿ ಒಬ್ಬ ಹೆಂಗಸು ಕಣದಲ್ಲಿ ನಿಂತು ಮೊರ ಎತ್ತಿ ಜೋಳ ತೂರುತ್ತಿದ್ದಳು. ಹೊಟ್ಟು ಬಂಗಾರದ ಧೂಳಿನಂತೆ ಹಾರುತ್ತಿತ್ತು. ಕಪಿಲ ತಿಂಗಳಿಡೀ ಗೋಡೆಯ ಮೇಲೆ ನೋಡಿದ್ದ ಬಿಳಿ ಚುಕ್ಕೆಗಳು ಬೀಳುವ ಕಾಳುಗಳಾಗಿದ್ದವು. ಆ ಒಂದು ಬಿಳಿ ಎಳೆ ಹೆಂಗಸಿನ ನರೆತ ಬೈತಲೆಯಾಗಿತ್ತು.

ಮುಕ್ತಾಬಾಯಿ ಹತ್ತಿರ ಹೋಗಿ ಬಹಳ ಹೊತ್ತು ನೋಡಿದಳು.

“ಇದು ನಾ ಏನ?”

“ಹೂಂ, ಯವ್ವಾ.”

“ನನ್ನ ಸೀರಿ ಇಷ್ಟು ಹಸಿರಿಲ್ಲ,” ಎಂದು ಸೆರಗನ್ನು ಕಣ್ಣಿಗೆ ಒತ್ತಿಕೊಂಡು ಒಳಗೆ ಹೋದಳು.

ಐದು ಹಾಳೆಗಳನ್ನು ಕಪಿಲ ರಟ್ಟಿನ ನಡುವೆ ಇಟ್ಟು ಕಟ್ಟಿದ. ನಾಳೆ ಬೆಳಿಗ್ಗೆ ಇಬ್ಬರೂ ಕಲಬುರಗಿಗೆ ಹೋಗಿ ಕೊಟ್ಟು ಬರುವುದು, ಜೊತೆಗೆ ವೈಜಿನಾಥ. ಆಯ್ಕೆ ಆಗುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆದರೆ ಐದು ಹಾಳೆ ಇದ್ದವು, ಐದೂ ಒಂದೇ ತೆರ. ಸುಮೇಧಾಳ ಎದೆ ಹಗುರಾಗಿತ್ತು.

ಹಗ್ಗದ ಮೇಲೆ ಆರನೆಯದೊಂದೇ ಉಳಿದಿತ್ತು. ಕಪಿಲ ಅದರ ಮುಂದೆ ನಿಂತ. ಈ ಸಲ ಕೈ ಹಿಂದೆ ಕಟ್ಟಿಕೊಂಡಿದ್ದ.

“ಕೇಳಿ ಒಯ್ತೀನ್ರಿ ಈಗ. ಇದನ್ನ ಒಯ್ಯಲೇನು?”

“ಬ್ಯಾಡ.”

ಅವನು ತಲೆ ಆಡಿಸಿದ. ಮುಖದಲ್ಲಿ ನೋವಿತ್ತು, ಮಾತಿನಲ್ಲಿ ಇರಲಿಲ್ಲ. “ಆತ್ರಿ. ಆ ಹಳದಿದೂ ನಾಳಿ ತಂದು ಕೊಡ್ತೀನಿ. ನಿಮ್ಮದದು.”

“ಅದನ್ನ ಗ್ವಾಡಿಯಿಂದ ಇಳಸಬ್ಯಾಡ್ರಿ.” ಸುಮೇಧಾ ಆರನೇ ಹಾಳೆಯನ್ನು ಹಗ್ಗದಿಂದ ಬಿಡಿಸಿ ಮಡಿಲಲ್ಲಿ ಇಟ್ಟುಕೊಂಡು ಕೂತಳು. “ಅದರ ಬಾಜೂಕ ಇಷ್ಟೇ ಜಾಗಾ ಬಿಡ್ರಿ. ಇದನ್ನ ನಾನೇ ತರ್ತೀನಿ.”

“ಯಾವಾಗ?”

“ನಾ ಬರೂ ದಿನಾ.”

ಅವನಿಗೆ ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತು ಬೇಕಾಯಿತು. ಆಮೇಲೆ ಅವನೂ ನೆಲದ ಮೇಲೆ, ಅವಳ ಎದುರಿಗೆ ಕೂತ.

“ಸುಮೇಧಾ… ಹುಮನಾಬಾದಿನ ಮನ್ಯಾಗ ಬಿಸಲು ಬರೂ ಕೋಲಿ ಒಂದೇ ಅದ. ಈಗ ಕಾರ್ಡಿನ ಗಂಟು ಇಟ್ಟೀನಿ ಅಲ್ಲಿ. ಖಾಲಿ ಮಾಡ್ಲಾ?”

“ಮಾಡ್ರಿ. ಲಿನೋ ಬಿಸಲಿಗೆ ಇಡಬೇಕು.”

“ಮತ್ತ ಎಷ್ಟು ಹಾಳಿ ಹೊಡಿಯೂದು?”

“ಎಷ್ಟಾರ ಹೊಡಿಯೋಣು,” ಎಂದಳು ಅವಳು. ಮಡಿಲಿನ ಹಾಳೆಯ ಒಂದು ಕಡೆಯ ಎರಡು ಮೂಲೆಗಳನ್ನು ಅವನ ಕಡೆಗೆ ಚಾಚಿದಳು. “ನೀವು ಆ ಕಡೀ ಹಿಡೀರಿ, ಸಾಕು.”